‘ಸ್ಟ್ರೈಕ್’ ಎಂದರೆ ಮುಷ್ಕರವಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಜೈಲುಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನದಲ್ಲಿ ಕ್ಯಾಲಿಫೋರ್ನಿಯಾದ ‘ತ್ರೀ ಸ್ಟ್ರೈಕ್ಸ್’ ಕಾನೂನನ್ನು ‘ಮೂರು ಮುಷ್ಕರಗಳ ಕಾಯ್ದೆ’ ಎಂದು ಕನ್ನಡಿಸಲಾಗಿದೆ. ‘ಮೂರು ಸಲ ಮುಷ್ಕರ ಹೂಡಿದರೆ ಅಲ್ಲಿ ಜೈಲೇ?’ ಎಂದು ನಮ್ಮ ಮನೆಯಲ್ಲೇ ಒಬ್ಬರು ಕೇಳಿದ್ದರಿಂದ ಈ ಪತ್ರ ಬರೆಯಬೇಕಾಯಿತು.

ಈ ಮಾತು ಬೇಸ್‌ಬಾಲ್ ಅಂಗಳದ್ದು. ಬ್ಯಾಟ್ ಬೀಸಿಯೂ ಚೆಂಡು ತಾಗದಿದ್ದರೆ ಅದೊಂದು ಸ್ಟ್ರೈಕ್. ಬೀಸದೆ ಬಿಟ್ಟ ಚೆಂಡು ಹೊಡೆಯಬಹುದಾದ ಎತ್ತರದಲ್ಲಿ, ಹೋಮ್ ಪ್ಲೇಟ್‌ನ (ಬ್ಯಾಟ್ ಹಿಡಿದವನ ಪಕ್ಕದಲ್ಲಿ ನೆಲಕ್ಕೆ ಹಾಕಿರುವ ಫಲಕದ) ಮೇಲೆಯೇ ಹಾದುಹೋಯಿತೆಂದು ಅಂಪೈರ್ ತೀರ್ಮಾನಿಸಿದರೆ ಅದೂ ಸ್ಟ್ರೈಕೇ. ಮೂರಾದರೆ ಔಟ್. ಆದ್ದರಿಂದ ‘ಹೊಡೆತ’ ಎಂಬ ಅನುವಾದವೂ ಸಲ್ಲದು; ಇಲ್ಲಿ ಎಣಿಸುವುದು ಹೊಡೆಯಲಾಗದೆ ಹೋದದ್ದನ್ನು. ಕ್ರಿಕೆಟ್‌ನ ‘ಸ್ಟ್ರೈಕ್ ರೇಟ್’ ಕೇಳಿ ಬೆಳೆದ ನಮ್ಮ ಕಿವಿಗೆ ಇದು ತಲೆಕೆಳಗಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

‘ಮೂರಾದರೆ ಔಟ್’ ಎಂಬ ಇದೇ ಲೆಕ್ಕವನ್ನು ಘೋಷಣೆಯಾಗಿಸಿಕೊಂಡು ವಾಷಿಂಗ್ಟನ್ ರಾಜ್ಯ 1993ರಲ್ಲೂ ಕ್ಯಾಲಿಫೋರ್ನಿಯಾ 1994ರಲ್ಲೂ ಕಾನೂನು ತಂದವು. ಹಿಂದೆ ಎರಡು ಗಂಭೀರ ಅಥವಾ ಹಿಂಸಾತ್ಮಕ ಅಪರಾಧಗಳಲ್ಲಿ ಶಿಕ್ಷೆಯಾದವನು ಆಮೇಲೆ ‘ಫೆಲನಿ’ (ಸಣ್ಣಪುಟ್ಟ ತಪ್ಪುಗಳಿಗಿಂತ ಮೇಲಿನ ದರ್ಜೆಯ ಅಪರಾಧ) ಎನಿಸುವ ಯಾವ ತಪ್ಪು ಮಾಡಿದರೂ ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 25 ವರ್ಷದಿಂದ ಜೀವಾವಧಿಯವರೆಗೆ ಸಜೆಯಾಗುತ್ತಿತ್ತು. ತಲಾ 399 ಡಾಲರ್ ಬೆಲೆಯ ಮೂರು ಗಾಲ್ಫ್ ಕೋಲುಗಳನ್ನು ಪ್ಯಾಂಟಿನ ಕಾಲಿನೊಳಗೆ ತುರುಕಿಕೊಂಡು ಕುಂಟುತ್ತ ಅಂಗಡಿಯಿಂದ ಹೊರಟ ಒಬ್ಬಾತನಿಗೂ ಇದೇ ಶಿಕ್ಷೆಯಾಯಿತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಮೂರನೆಯ ಅಪರಾಧವೂ ಬಹುತೇಕ ಗಂಭೀರ ಸ್ವರೂಪದ್ದೇ ಆಗಿರಬೇಕೆಂದು ಮತದಾರರು ಕಾನೂನನ್ನು ಸಡಿಲಿಸಿದ್ದು 2012ರಲ್ಲಿ.

ನನಗೆ ಅನುವಾದಕ್ಕಿಂತ ಹೆಚ್ಚಾಗಿ ಕಾಡುವುದು ಆ ಘೋಷಣೆಯ ಜಾಣತನ. ಮೂರು ಅವಕಾಶ ಕೊಟ್ಟೂ ಕೆಟ್ಟನಲ್ಲ ಎಂದು ಕೇಳಿದವರಿಗೆ ಅನ್ನಿಸುವಂತಿದೆ ಅದು. ಆದರೆ ಬೇಸ್‌ಬಾಲ್‌ನಲ್ಲಿ ಔಟಾದವನು ಬೆಂಚಿನ ಮೇಲೆ ಕೂತು, ಉಳಿದ ಎಂಟು ಮಂದಿಯ ಸರದಿ ಮುಗಿದೊಡನೆ ಮತ್ತೆ ಬ್ಯಾಟ್ ಹಿಡಿದು ಬರುತ್ತಾನೆ, ಎಣಿಕೆಯೂ ಸೊನ್ನೆಯಿಂದಲೇ ಶುರುವಾಗುತ್ತದೆ. ಕಾನೂನಿನಲ್ಲಾದರೋ ಇಪ್ಪತ್ತು ವರ್ಷ ಹಳೆಯ ಅಪರಾಧವೂ ಲೆಕ್ಕದಿಂದ ಅಳಿಯುವುದಿಲ್ಲ.

‘ಮೂರನೇ ಅಪರಾಧದ ಕಾನೂನು’ ಎಂದು ಬರೆದು, ಬೇಸ್‌ಬಾಲ್‌ನ ಸಂಬಂಧವನ್ನು ಒಂದು ಸಾಲಿನಲ್ಲಿ ತಿಳಿಸಿದ್ದರೆ ಓದುಗರಿಗೆ ಗೊಂದಲವಾಗುತ್ತಿರಲಿಲ್ಲ. ಸಾಧ್ಯವಾದರೆ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿ.

ಇತಿ,
ಒಬ್ಬ ಓದುಗ, ಶಿವಮೊಗ್ಗ