ಕಾರ್ನೆಟ್ ಓದಲು ಕಲಿಸಿದ ಹಿರಿಯರಿಗೆ

ಮುಂಬೈಯಿಂದ ಹಡಗಿನಲ್ಲಿ ಬೈಕನ್ನು ಇರಾನಿನ ಬಂದರ್ ಅಬ್ಬಾಸಿಗೆ ಕಳುಹಿಸಿ, ಅಲ್ಲಿಂದ ಬಜರ್ಗಾನ್ ಗಡಿ ದಾಟಿ ಟರ್ಕಿ ಸೇರುವ ನನ್ನ ಯೋಜನೆಯ ಕಾಗದಪತ್ರಗಳನ್ನು ಇಡೀ ಮಧ್ಯಾಹ್ನ ನನ್ನೊಡನೆ ಕುಳಿತು ಪರಿಶೀಲಿಸಿ, ಹೆಸರನ್ನೂ ಹೇಳದೆ ಹೊರಟುಹೋದ ತಮಗೆ ಈ ಬರಹದ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ವಾಹನದ ಪಾಸ್‌ಪೋರ್ಟ್ ಎನಿಸಿದ, ಸುಂಕ ಕಟ್ಟದೆ ವಾಹನವನ್ನು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯಲು ಬಳಸುವ ದಾಖಲೆ ಪುಸ್ತಕವಾದ ಕಾರ್ನೆಟ್‌ನ ಪ್ರತಿ ಹಾಳೆಯಲ್ಲೂ ಪ್ರವೇಶಕ್ಕೊಂದು, ನಿರ್ಗಮನಕ್ಕೊಂದು, ಪುಸ್ತಕದಲ್ಲೇ ಉಳಿಯುವುದೊಂದು ಎಂಬಂತೆ ಮೂರು ಭಾಗಗಳಿರುತ್ತವೆ. ಉಳಿಯುವ ಭಾಗದ ಮೇಲೆ ನಿರ್ಗಮನದ ಮುದ್ರೆ ಬೀಳದಿದ್ದರೆ ಬೈಕು ಆ ದೇಶದಲ್ಲೇ ಉಳಿಯಿತೆಂದು ಭಾವಿಸಿ ಸುಂಕ ಕೇಳಬಹುದು, ಕಾರ್ನೆಟ್ ಪಡೆಯಲು ಇಲ್ಲಿ ಇಟ್ಟ ಠೇವಣಿಯೂ ಕೈತಪ್ಪಬಹುದು ಎಂಬುದನ್ನು ತಾವು ಸಾವಧಾನವಾಗಿ ತಿಳಿಸಿದಿರಿ. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಆರ್‌ಸಿಯಿಂದ ನಕಲು ಮಾಡಿದರೆ ಸಾಲದು, ಬೈಕಿನ ಮೇಲೆ ಕೊರೆದಿರುವುದರೊಂದಿಗೆ ಒಂದೊಂದು ಅಂಕಿಯನ್ನೂ ತಾಳೆ ನೋಡಬೇಕೆಂದು ತಾವೇ ಟಾರ್ಚ್ ಹಿಡಿದು ಬಗ್ಗಿ ಓದಿದ್ದನ್ನು ನಾನು ಮರೆಯಲಾರೆ.

ಆರ್‌ಟಿಒ ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮತ್ತು ಕಾರ್ನೆಟ್ ಎರಡಕ್ಕೂ ಹೆಚ್ಚೆಂದರೆ 1 ವರ್ಷದ ಅವಧಿಯಿರುವುದರಿಂದ, ಹಿಂತಿರುಗುವ ದಿನದಿಂದ ಹಿಂದಕ್ಕೆ ಎಣಿಸಿ ಅರ್ಜಿ ಹಾಕಬೇಕೆಂಬ ತಮ್ಮ ಸಲಹೆಯಂತೆಯೇ ವೇಳಾಪಟ್ಟಿಯನ್ನು ಸಿದ್ಧಪಡಿಸಿದ್ದೇನೆ. ಪರಿಚಯವೇ ಇಲ್ಲದವನ ಪ್ರಯಾಣದ ಬಗ್ಗೆ ಇಷ್ಟು ಕಾಳಜಿ ತೋರಿದ ತಮಗೆ ನನ್ನ ಮತ್ತು ನನ್ನ ಮನೆಯವರ ಹೃತ್ಪೂರ್ವಕ ವಂದನೆಗಳು.