ಅಮೆರಿಕದ ಸಣ್ಣಕತೆ: ಶೈಲಿಯೆಂದರೆ ಚಿಕ್ಕ ವಾಕ್ಯವಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಆಧುನಿಕತಾವಾದಿ ಸಣ್ಣಕತೆಗಳ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ದಿನಪತ್ರಿಕೆಯೊಂದು ಇಂಥ ವಿಷಯಕ್ಕೆ ಒಂದಿಡೀ ಪುಟವನ್ನು ಬಿಟ್ಟುಕೊಟ್ಟಿರುವುದು ಸಂತೋಷದ ಸಂಗತಿ. ಆದರೆ ಲೇಖಕರು ಶೈಲಿಯನ್ನೂ ವಸ್ತುವನ್ನೂ ಎರಡು ಬೇರೆ ಬೇರೆ ಕಂತೆಗಳಾಗಿ ಕಟ್ಟಿ, ಶೈಲಿಯೆಂದರೆ ಚಿಕ್ಕ ವಾಕ್ಯ, ವಸ್ತುವೆಂದರೆ ಮೊದಲ ಮಹಾಯುದ್ಧದ ನಂತರದ ಭ್ರಮನಿರಸನ ಎಂದು ತೀರ್ಮಾನಿಸಿಬಿಟ್ಟಿರುವುದನ್ನು ಒಪ್ಪಲು ಸಾಧ್ಯವಾಗಲಿಲ್ಲ. ಈ ಅಳತೆಗೋಲನ್ನು ಹಿಡಿದರೆ, ಉದ್ದುದ್ದ ವಾಕ್ಯಗಳ ವಿಲಿಯಂ ಫಾಕ್ನರ್ ಹೊರಗೇ ಉಳಿಯುತ್ತಾರೆ. ಲೇಖಕರೂ ಅವರನ್ನು 'ಅಪವಾದ' ಎಂದು ಕರೆದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಆ ಕಾಲದ ಅತಿ ಮುಖ್ಯ ಕತೆಗಾರರಲ್ಲಿ ಒಬ್ಬರು ನಿಯಮಕ್ಕೆ ಅಪವಾದವಾಗುತ್ತಾರೆ ಎಂದಾದರೆ ಅನುಮಾನಿಸಬೇಕಾದದ್ದು ನಿಯಮವನ್ನೇ.

ಈ ಕತೆಗಾರರನ್ನು ಒಂದೆಡೆ ತರುವ ಗುಣವೊಂದಿದ್ದರೆ, ಅದು ಮುಖ್ಯವಾದದ್ದನ್ನು ಹೇಳದೆ ಬಿಡುವ ಕ್ರಮ ಎಂದು ನಾನು ತಿಳಿದಿದ್ದೇನೆ. ಹೇಳದೆ ಉಳಿದ ಆ ಮಾತು ಯಾರ ಬಾಯಿಂದ ಬರಬೇಕಾಗಿತ್ತು, ಅದು ಅಲ್ಲಿಯೇ ಏಕೆ ಸಿಕ್ಕಿಕೊಂಡಿತು ಎಂದು ಕೇಳಿದ ಕೂಡಲೇ ಶೈಲಿಯ ಪ್ರಶ್ನೆ ವಸ್ತುವಿನ ಪ್ರಶ್ನೆಯೂ ಆಗುತ್ತದೆ.

ಲೇಖಕರು 'ಮಿತಭಾಷೆಯ ಮಾದರಿ' ಎಂದು ಹೊಗಳಿರುವ ಅರ್ನೆಸ್ಟ್ ಹೆಮಿಂಗ್ವೇ ಅವರ 'ಹಿಲ್ಸ್ ಲೈಕ್ ವೈಟ್ ಎಲಿಫಂಟ್ಸ್' ಕತೆಯನ್ನೇ ನೋಡೋಣ. ಸ್ಪೇನಿನ ಎಬ್ರೊ ಕಣಿವೆಯ ರೈಲು ನಿಲ್ದಾಣವೊಂದರಲ್ಲಿ ಒಬ್ಬ ಅಮೆರಿಕನ್ ಗಂಡಸೂ ಅವನ ಜೊತೆಗಿರುವ ಹುಡುಗಿಯೂ ಬಾರ್ಸಿಲೋನಾದಿಂದ ಬರುವ ಗಾಡಿಗಾಗಿ ಕಾಯುತ್ತಿದ್ದಾರೆ. ಗಾಡಿ ಬರಲು ಇನ್ನೂ 40 ನಿಮಿಷವಿದೆ. ಮಾತೆಲ್ಲ ಒಂದು 'ಆಪರೇಷನ್' ಸುತ್ತಲೇ ಗಿರಕಿ ಹೊಡೆಯುತ್ತದೆ, ಆದರೆ ಗರ್ಭಪಾತ ಎಂಬ ಶಬ್ದ ಕತೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಹಾಗೆಂದು ಆ ಗಂಡಸು ಮಿತಭಾಷಿಯೇನಲ್ಲ. ಅದು ಬಹಳ ಸುಲಭದ್ದು, ನಿಜವಾಗಿ ನೋಡಿದರೆ ಆಪರೇಷನ್ನೇ ಅಲ್ಲ, ನಿನಗೆ ಇಷ್ಟವಿಲ್ಲದಿದ್ದರೆ ಬೇಡವೇ ಬೇಡ ಎಂದು ಹೇಳಿದ್ದನ್ನೇ ಹೇಳುತ್ತ ಹೋಗುತ್ತಾನೆ. ಬಿಡಿಬಿಡಿಯಾಗಿ ನೋಡಿದರೆ ಸಾಧುವೆನಿಸುವ ಈ ಚಿಕ್ಕ ಚಿಕ್ಕ ವಾಕ್ಯಗಳು ಒಟ್ಟು ಸೇರಿ ಹುಡುಗಿಯನ್ನು ಮೂಲೆಗೆ ಒತ್ತುತ್ತವೆ. ಕೊನೆಗೆ ಅವಳು ಒಂದೇ ಉಸಿರಿನಲ್ಲಿ ಏಳು ಬಾರಿ 'ದಯವಿಟ್ಟು' ಎಂದು ಹೇಳಿ, ಮಾತು ನಿಲ್ಲಿಸುವೆಯಾ ಎಂದು ಕೇಳುತ್ತಾಳೆ. ಅದಕ್ಕೂ ಮುನ್ನ ಅವಳು ಎದ್ದು ನಿಲ್ದಾಣದ ತುದಿಗೆ ನಡೆದು, ಆಚೆ ಬದಿಯ ಕಾಳಿನ ಹೊಲವನ್ನೂ ನದಿದಂಡೆಯ ಮರಗಳನ್ನೂ ಹೊಲದ ಮೇಲೆ ಸರಿಯುವ ಮೋಡದ ನೆರಳನ್ನೂ ನೋಡುವ ನಾಲ್ಕಾರು ಸಾಲುಗಳಿವೆ. ಅವಳ ಬಯಕೆಯೇನು ಎಂಬುದಕ್ಕೆ ಕತೆ ಕೊಡುವ ಸಾಕ್ಷ್ಯ ಹೆಚ್ಚುಕಡಿಮೆ ಅಷ್ಟೇ. ಇದು ಮಿತಭಾಷೆಯಲ್ಲ, ಒಬ್ಬರ ಮಾತಿನ ಮಳೆಯಲ್ಲಿ ಇನ್ನೊಬ್ಬರ ಮಾತು ಮುಳುಗಿಹೋಗುವ ರೀತಿ.

ಹೆಮಿಂಗ್ವೇ ಅವರ ಪ್ರಸಿದ್ಧ ನೀರ್ಗಲ್ಲಿನ ಉಪಮೆಯನ್ನು ಲೇಖಕರು ಅರ್ಧಕ್ಕೆ ಬಿಟ್ಟಿದ್ದಾರೆ. 1932ರ 'ಡೆತ್ ಇನ್ ದಿ ಆಫ್ಟರ್‌ನೂನ್' ಕೃತಿಯಲ್ಲಿ, ನೀರ್ಗಲ್ಲಿನ ಎಂಟನೆಯ ಒಂದು ಭಾಗ ಮಾತ್ರ ನೀರಿನ ಮೇಲಿರುತ್ತದೆ ಎಂದವರು ಅದರ ಜೊತೆಗೇ ಒಂದು ಷರತ್ತನ್ನೂ ಹಾಕಿದ್ದಾರೆ: ಬರಹಗಾರ ತನಗೆ ಚೆನ್ನಾಗಿ ಗೊತ್ತಿರುವುದನ್ನು ಹೇಳದೆ ಬಿಟ್ಟರೆ ಓದುಗನಿಗೆ ಅದು ತಟ್ಟುತ್ತದೆ, ಗೊತ್ತಿಲ್ಲವೆಂಬ ಕಾರಣಕ್ಕೆ ಬಿಟ್ಟರೆ ಬರಹದಲ್ಲಿ ಟೊಳ್ಳು ಉಳಿಯುತ್ತದೆ. ಯುದ್ಧದಿಂದ ಮರಳಿದವನೊಬ್ಬನ 'ಬಿಗ್ ಟೂ-ಹಾರ್ಟೆಡ್ ರಿವರ್' ಕತೆಯಲ್ಲಿ ಯುದ್ಧದ ಹೆಸರೇ ಇಲ್ಲದಿದ್ದರೂ ಸುಟ್ಟುಹೋದ ಊರೂ ಮಸಿ ಬಣ್ಣಕ್ಕೆ ತಿರುಗಿದ ಮಿಡತೆಗಳೂ ನಮ್ಮನ್ನು ಕಾಡುವುದು ಈ ಷರತ್ತು ಪಾಲನೆಯಾಗಿರುವುದರಿಂದ. ಇನ್ನು, ಈ ಶೈಲಿ 'ಕ್ಯಾನ್ಸಸ್ ಸಿಟಿ ಸ್ಟಾರ್' ಪತ್ರಿಕೆಯ ವರದಿಗಾರಿಕೆಯಿಂದ ಬಂದದ್ದು ಎಂಬ ಮಾತು ಅರ್ಧ ಸತ್ಯ. ಚಿಕ್ಕ ವಾಕ್ಯಗಳನ್ನು ಬರೆಯಬೇಕೆಂದು ಆ ಪತ್ರಿಕೆಯ ನಿಯಮಪತ್ರ ಹೇಳುತ್ತಿದ್ದುದು ನಿಜ. ಆದರೆ ಹೆಮಿಂಗ್ವೇ 1921ರಲ್ಲಿ ಶಿಕಾಗೋದಲ್ಲಿ ಕತೆಗಾರ ಶೆರ್‌ವುಡ್ ಆಂಡರ್ಸನ್ ಅವರನ್ನು ಕಂಡು, ಅವರು ಕೊಟ್ಟ ಪರಿಚಯಪತ್ರ ಹಿಡಿದು ಪ್ಯಾರಿಸ್ಸಿನಲ್ಲಿ ಲೇಖಕಿ ಗರ್‌ಟ್ರೂಡ್ ಸ್ಟೈನ್ ಅವರ ಬಳಿಗೆ ಹೋದರು. ಸರಳ ಪದಗಳನ್ನೇ ಮತ್ತೆ ಮತ್ತೆ ತಂದು ಅರ್ಥವನ್ನು ಅಲುಗಾಡಿಸುವ ಕೆಲಸವನ್ನು ಸ್ಟೈನ್ 1909ರ 'ತ್ರೀ ಲೈವ್ಸ್' ಸಂಕಲನದಲ್ಲಿಯೇ ಮಾಡಿದ್ದರು. ನಿಲ್ದಾಣದ ಆ ಗಂಡಸಿನ ಪುನರುಕ್ತಿಯಲ್ಲಿ ನನಗೆ ಪತ್ರಿಕಾಲಯಕ್ಕಿಂತ ಸ್ಟೈನ್ ಅವರ ಋಣವೇ ಹೆಚ್ಚಾಗಿ ಕಾಣುತ್ತದೆ.

ಆಂಡರ್ಸನ್ ಅವರ 'ವೈನ್ಸ್‌ಬರ್ಗ್, ಒಹಾಯೊ' (1919) ಎಂಬ ಕಥಾಸಂಕಲನ ಲೇಖನದಲ್ಲಿ ಬರೀ ಹೆಸರಾಗಿ ಬಂದುಹೋಗಿದೆ. ಅದರಲ್ಲಿನ 'ಹ್ಯಾಂಡ್ಸ್' ಕತೆಯ ವಿಂಗ್ ಬಿಡಲ್‌ಬಾಮ್ ಹಿಂದೆ ಬೇರೆ ಹೆಸರಿನಲ್ಲಿ ಪೆನ್ಸಿಲ್ವೇನಿಯಾದ ಊರೊಂದರಲ್ಲಿ ಶಾಲಾಮಾಸ್ತರನಾಗಿದ್ದವನು. ಹುಡುಗನೊಬ್ಬ ಕನಸಿನಲ್ಲಿ ಕಲ್ಪಿಸಿಕೊಂಡದ್ದನ್ನು ನಡೆದದ್ದೆಂಬಂತೆ ಹೇಳಿದ್ದರಿಂದ ಜನರು ಅವನನ್ನು ಹೊಡೆದು ರಾತ್ರೋರಾತ್ರಿ ಓಡಿಸಿದ್ದಾರೆ. ನಡೆದದ್ದೇನೆಂದು ಅವನಿಗೆ ಈಗಲೂ ಅರ್ಥವಾಗಿಲ್ಲ, ತಪ್ಪು ತನ್ನ ಕೈಗಳದ್ದೇ ಇರಬೇಕು ಎಂದಷ್ಟೇ ಅವನ ಭಾವನೆ. ಹೆಮಿಂಗ್ವೇ ಕತೆಯ ಹುಡುಗಿಯ ಮೇಲೆ ಮೌನ ಹೇರಿದವನು ಎದುರಿಗೇ ಕೂತಿದ್ದಾನೆ. ಇಲ್ಲಿಯವನಿಗೆ ತನ್ನ ಸಂಕಟವನ್ನು ಹೇಳಿಕೊಳ್ಳಲು ಮಾತೇ ಒದಗಿಲ್ಲ.

ಈಗ ಫಾಕ್ನರ್ ಅವರಿಗೆ ಬರುತ್ತೇನೆ. 1930ರ ಏಪ್ರಿಲ್‌ನಲ್ಲಿ 'ದಿ ಫೋರಂ' ಪತ್ರಿಕೆಯಲ್ಲಿ ಬಂದ 'ಎ ರೋಸ್ ಫಾರ್ ಎಮಿಲಿ' ಕತೆಯ ಮುಕ್ತಾಯವನ್ನು (ಎಮಿಲಿಯ ಮನೆಯ ಮುಚ್ಚಿದ ಕೋಣೆಯಲ್ಲಿ ಅವಳ ಪ್ರಿಯಕರನ ಶವ ಸಿಗುತ್ತದೆ) ಲೇಖಕರು ಓ. ಹೆನ್ರಿ ಅವರ ಅನಿರೀಕ್ಷಿತ ತಿರುವಿಗೆ ಹೋಲಿಸಿದ್ದಾರೆ. ಈ ಹೋಲಿಕೆ ಕತೆಯ ಕಟ್ಟಡವನ್ನೇ ಕಡೆಗಣಿಸುತ್ತದೆ. ಐದು ಭಾಗಗಳ ಈ ಕತೆಯಲ್ಲಿ ಎಮಿಲಿ ಗ್ರಿಯರ್ಸನ್ ಮನೆಯ ದುರ್ನಾತದ ವಿಷಯ ಎರಡನೆಯ ಭಾಗದಲ್ಲಿ ಬರುತ್ತದೆ, ಅವಳು ಪಾಷಾಣ ಕೊಂಡದ್ದು ಮೂರನೆಯದರಲ್ಲಿ, ಆ ಪ್ರಿಯಕರ ಹೋಮರ್ ಬ್ಯಾರನ್ ಕಾಣೆಯಾದದ್ದು ನಾಲ್ಕನೆಯದರಲ್ಲಿ. ಕಾರ್ಯ ಮೊದಲು, ಕಾರಣ ಆಮೇಲೆ. ಕತೆ ಹೇಳುತ್ತಿರುವುದು 'ನಾವು' ಎಂದುಕೊಳ್ಳುವ ಇಡೀ ಜೆಫರ್ಸನ್ ಪಟ್ಟಣ. ಮರ್ಯಾದಸ್ಥ ಹೆಂಗಸಿನ ಮುಖಕ್ಕೆ ನಿಮ್ಮ ಮನೆ ನಾರುತ್ತಿದೆ ಎಂದು ಹೇಳುವುದು ಹೇಗೆಂದು ಅದರ ನ್ಯಾಯಾಧೀಶರು ಗದರುತ್ತಾರೆ. ನಾಲ್ವರು ಗಂಡಸರು ನಡುರಾತ್ರಿ ಕಳ್ಳರಂತೆ ಹೋಗಿ ಸುಣ್ಣ ಚೆಲ್ಲಿ ಬರುತ್ತಾರೆ. ಕೊನೆಯ ಭಾಗದಲ್ಲಂತೂ, ಮಹಡಿಯ ಮೇಲೆ ನಾಲ್ವತ್ತು ವರ್ಷಗಳಿಂದ ಯಾರೂ ನೋಡದ ಕೋಣೆಯೊಂದಿದೆ ಎಂಬುದು ತಮಗೆ ಮೊದಲೇ ಗೊತ್ತಿತ್ತೆಂದು ಈ 'ನಾವು' ಮೆಲ್ಲಗೆ ಬಾಯಿಬಿಡುತ್ತದೆ. ಗೊತ್ತಿದ್ದೂ ಮರ್ಯಾದೆಯ ಹೆಸರಿನಲ್ಲಿ ಸುಮ್ಮನಿದ್ದ ಊರೇ ಈ ಕತೆಯ ವಸ್ತು, ಕಾಲವನ್ನು ಹಿಂದುಮುಂದಾಗಿಸಿ ಹೇಳುವುದು ಆ ಊರು ತನ್ನ ಪಾಲನ್ನು ಮುಚ್ಚಿಟ್ಟುಕೊಳ್ಳುವ ಬಗೆ. ಇದನ್ನು ತಿರುವು ಎಂದರೆ ಊರನ್ನು ನಿರ್ದೋಷಿಯೆಂದು ಬಿಟ್ಟುಬಿಟ್ಟಂತಾಗುತ್ತದೆ.

ಎಲ್ಲವನ್ನೂ ಬಲ್ಲವನು ಆ ಮನೆಯಲ್ಲಿ ಇನ್ನೊಬ್ಬನಿದ್ದಾನೆ: ಕಪ್ಪುಜನಾಂಗದ ಸೇವಕ ಟೋಬ್. ಎಮಿಲಿ ಸತ್ತ ಮೇಲೆ ಅವನು ಬಂದವರಿಗೆ ಮುಂಬಾಗಿಲು ತೆರೆದು, ಹಿತ್ತಿಲ ಬಾಗಿಲಿನಿಂದ ಹೊರಟುಹೋಗುತ್ತಾನೆ. ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಊರು ಅವನನ್ನು ಹುಡುಕಿ ಏನನ್ನೂ ಕೇಳುವುದಿಲ್ಲ.

ಲೇಖನದ ದೊಡ್ಡ ಕೊರತೆಯೂ ಇಲ್ಲಿಯೇ ಇದೆ. ಅದರಲ್ಲಿ ಹೆಸರಿಸಿದ ಕತೆಗಾರರೆಲ್ಲರೂ ಬಿಳಿಯರು. 1923ರಲ್ಲಿ ಕತೆ, ಕವಿತೆ, ನಾಟಕದ ತುಣುಕುಗಳನ್ನು ಒಂದೇ ಪುಸ್ತಕದಲ್ಲಿ ಹೆಣೆದು 'ಕೇನ್' ಪ್ರಕಟಿಸಿದ ಜೀನ್ ಟೂಮರ್ ಅವರಿಗಿಂತ ಪ್ರಯೋಗಶೀಲರು ಆ ದಶಕದಲ್ಲಿ ಎಷ್ಟು ಮಂದಿ ಇದ್ದರು? 1926ರಲ್ಲಿ, ಒಂದೇ ಸಂಚಿಕೆಗೆ ನಿಂತುಹೋದ 'ಫೈರ್' ಪತ್ರಿಕೆಯಲ್ಲಿ ಜೋರಾ ನೀಲ್ ಹರ್‌ಸ್ಟನ್ ಅವರ 'ಸ್ವೆಟ್' ಬಂತು. ಫ್ಲೋರಿಡಾದಲ್ಲಿ ಬಿಳಿಯರ ಬಟ್ಟೆ ಒಗೆದು ಮನೆ ನಡೆಸುವ ಡೀಲಿಯಾಳನ್ನು ಗಂಡ ಸೈಕ್ಸ್ ಹೊಡೆಯುವುದು ಅಂಗಡಿ ಜಗಲಿಯ ಗಂಡಸರಿಗೆಲ್ಲ ಗೊತ್ತು. ತಮ್ಮ ಆಡುನುಡಿಯಲ್ಲಿ ಅವನನ್ನು ಬಾಯ್ತುಂಬ ಬೈಯುತ್ತಾರೆ, ಬಿಸಿಲಿಗೆ ಸೋತು ಕಲ್ಲಂಗಡಿ ಹಣ್ಣಿನ ಮಾತಿಗೆ ತಿರುಗುತ್ತಾರೆ, ಅವನೇ ಎದುರಿಗೆ ಬಂದಾಗ ಬಾಯಿ ಮುಚ್ಚುತ್ತಾರೆ. ಹೆಂಡತಿಯನ್ನು ಕೊಲ್ಲಲು ತಾನೇ ಬಿಟ್ಟ ಹಾವು ಸೈಕ್ಸ್‌ನನ್ನು ಕಚ್ಚಿದಾಗ ಡೀಲಿಯಾ ಹೊರಗಿದ್ದಾಳೆ, ಅವನ ಕೂಗು ಅವಳಿಗೆ ಕೇಳುತ್ತಿದೆ, ಅವಳು ಒಳಗೆ ಹೋಗಿ ಕಾಪಾಡುವುದಿಲ್ಲ. ಅವಳು ಸುಮ್ಮನಿದ್ದುದು ಸರಿಯೇ ತಪ್ಪೇ ಎಂಬ ತೀರ್ಪನ್ನು ಹರ್‌ಸ್ಟನ್ ನಮಗೆ ಬಿಟ್ಟಿದ್ದಾರೆ. ಈ ಭಾರವನ್ನು ಮಹಾಯುದ್ಧದ ಭ್ರಮನಿರಸನ ಎಂಬ ಚೌಕಟ್ಟಿನಲ್ಲಿ ಇಡಲು ಹೇಗೆ ಸಾಧ್ಯ?

ಆ ಕಾಲದ ಇನ್ನೊಬ್ಬ ಕತೆಗಾರ್ತಿ ಕ್ಯಾಥರೀನ್ ಆ್ಯನ್ ಪೋರ್ಟರ್ ಅವರ ಬಗ್ಗೆಯೂ ಬರೆಯುವುದಿತ್ತು, ಪತ್ರ ಆಗಲೇ ಉದ್ದವಾಗಿದೆ. ಕೊನೆಯದಾಗಿ ಒಂದು ತಿದ್ದುಪಡಿ: 'ಹಿಲ್ಸ್ ಲೈಕ್ ವೈಟ್ ಎಲಿಫಂಟ್ಸ್' 1925ರ 'ಇನ್ ಅವರ್ ಟೈಮ್' ಸಂಕಲನದ್ದೆಂದು ಲೇಖನದಲ್ಲಿ ಅಚ್ಚಾಗಿದೆ. ಅದು ಇರುವುದು 1927ರ 'ಮೆನ್ ವಿದೌಟ್ ವಿಮೆನ್' ಸಂಕಲನದಲ್ಲಿ. ಲೇಖನಮಾಲೆ ಮುಂದುವರಿಯಲಿದೆ ಎಂದು ತಾವು ಪ್ರಕಟಿಸಿರುವುದರಿಂದ ಮುಂದಿನ ಕಂತಿನಲ್ಲಿ ಇದನ್ನು ಸರಿಪಡಿಸಬೇಕೆಂದೂ, ಟೂಮರ್ ಮತ್ತು ಹರ್‌ಸ್ಟನ್ ಅವರಿಗೆ ಅಲ್ಲಿ ಜಾಗ ಮಾಡಿಕೊಡಬೇಕೆಂದೂ ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ