ವೋಟರ್ ಲಿಸ್ಟ್ ಬಗ್ಗೆ ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಹತ್ತನೇ ತರಗತಿಯಲ್ಲಿ ಈಗ ಲೋಕಸಭಾ ಚುನಾವಣೆಯ ಬಗ್ಗೆ ಚರ್ಚೆ ನಡೆಯುತ್ತಿದೆ. ಮಕ್ಕಳು ಮನೆಯಲ್ಲೂ ಪ್ರಶ್ನೆ ಕೇಳುತ್ತಾರೆ. ದಯವಿಟ್ಟು ಸುಮ್ನಿರು ಅನ್ನಬೇಡಿ.

ತರಗತಿಯಲ್ಲಿ ಚಿತ್ರದುರ್ಗ ಕ್ಷೇತ್ರದ ನಕ್ಷೆ ಹಾಕಿದ್ದೆವು. ಗಡಿಗೆರೆಯ ಮೇಲೆ ಬೆರಳಾಡಿಸುತ್ತಿದ್ದ ಹುಡುಗಿಯೊಬ್ಬಳು ಪಾವಗಡದ ಹತ್ತಿರ ನಿಂತಳು. "ಮಿಸ್, ಇದು ತುಮಕೂರು ಜಿಲ್ಲೆ ಅಲ್ವಾ?" ಹೌದು. ನಮ್ಮ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆ ಶಿರಾ, ಪಾವಗಡ ಕೂಡ ಇದರಲ್ಲಿ ಸೇರಿವೆ. ಒಂದು ರಾಜ್ಯದೊಳಗೆ ಎಲ್ಲ ಲೋಕಸಭಾ ಕ್ಷೇತ್ರಗಳ ಜನಸಂಖ್ಯೆ ಆದಷ್ಟು ಸಮ ಇರಬೇಕು. ಅದಕ್ಕೇ ಗೆರೆ ಜಿಲ್ಲೆ ದಾಟುತ್ತದೆ.

2008ರಲ್ಲಿ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಗುರುತಿಸಿದ ಪುನರ್ವಿಂಗಡಣೆಯಲ್ಲಿ ನಮ್ಮ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹಾಗಂದ್ರೆ ಬೇರೆಯವರು ವೋಟು ಹಾಕುವಂತಿಲ್ಲ ಎಂದು ಕೆಲವು ಮಕ್ಕಳು ತಿಳಿದಿದ್ದರು. ಮೀಸಲು ಇರುವುದು ಚುನಾವಣೆಗೆ ನಿಲ್ಲುವವರಿಗೆ ಮಾತ್ರ. ವೋಟು ಎಲ್ಲರದ್ದೂ. ಇದನ್ನು ಮನೆಯಲ್ಲೂ ಒಮ್ಮೆ ಹೇಳಿ.

ರಾಜ್ಯಗಳಿಗೆ ಲೋಕಸಭಾ ಸೀಟು ಹಂಚುವುದು ಜನಸಂಖ್ಯೆ ನೋಡಿ. ಕರ್ನಾಟಕದ 28 ಸೀಟುಗಳನ್ನು ಲೆಕ್ಕ ಹಾಕಿದ್ದು 1971ರ ಜನಗಣತಿಯಿಂದ. ಕುಟುಂಬ ಯೋಜನೆ ಚೆನ್ನಾಗಿ ನಡೆಸಿದ ರಾಜ್ಯಗಳಿಗೆ ಸೀಟು ಕಡಿಮೆಯಾಗಬಾರದೆಂದು 1976ರಲ್ಲಿ ಸಂವಿಧಾನ ತಿದ್ದಿ ಆ ಲೆಕ್ಕವನ್ನು ಹಾಗೇ ಉಳಿಸಿದರು. 2001ರ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಜನ ಜಾಸ್ತಿ ಇರುವ ರಾಜ್ಯದವರು ತಮ್ಮ ವೋಟಿನ ಬೆಲೆ ಕಡಿಮೆಯಾಯಿತು ಅನ್ನುತ್ತಾರೆ. ಹೊಸ ಲೆಕ್ಕ ಬಂದರೆ ತಮ್ಮ ದನಿ ಕುಗ್ಗುತ್ತದೆಂಬ ಚಿಂತೆ ದಕ್ಷಿಣದವರಿಗೆ. ಎರಡರಲ್ಲೂ ನ್ಯಾಯವಿದೆ. ಮಕ್ಕಳು ಎರಡನ್ನೂ ಕೇಳಿಸಿಕೊಳ್ಳಲಿ ಎಂಬುದು ನನ್ನ ಆಸೆ.

ಇನ್ನು ನಿಮ್ಮಿಂದ ಆಗಬೇಕಾದ ಕೆಲಸ. ವೋಟರ್ ಐಡಿ ಇದ್ದರೆ ಸಾಲದು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಹೊಸದುರ್ಗ, ಚಳ್ಳಕೆರೆ ಕಡೆಯಿಂದ ಬಂದು ಇಲ್ಲೇ ನೆಲೆಸಿರುವ ಮನೆಗಳು ನಮ್ಮಲ್ಲಿ ತುಂಬಾ ಇವೆ. ಊರಲ್ಲೊಂದು, ಇಲ್ಲೊಂದು ಎಂದು ಎರಡು ಕಡೆ ಹೆಸರಿಡುವುದಕ್ಕೆ ಕಾನೂನು ಒಪ್ಪುವುದಿಲ್ಲ. ವಿಳಾಸ ಬದಲಿಸಲು ಫಾರಂ 8 ಕೊಡಿ. ಮನೆಯಲ್ಲಿ ಪಿಯುಸಿ ಓದುವ ಅಣ್ಣನೋ ಅಕ್ಕನೋ ಇದ್ದರೆ, 17 ತುಂಬಿದ ಮೇಲೆ, ಹೊಸದಾಗಿ ಹೆಸರು ಸೇರಿಸುವ ಫಾರಂ 6ನ್ನು ಮುಂಚಿತವಾಗಿಯೇ ಕೊಡಬಹುದು. 18 ತುಂಬಿದ ಮೇಲೆ ಹೆಸರು ಸೇರುತ್ತದೆ. 18 ತುಂಬಿದೆಯೇ ಎಂದು ನೋಡಲು ಪ್ರತಿ ವರ್ಷ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1ನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪಟ್ಟಿಯಲ್ಲಿ ಹೆಸರು ಹುಡುಕಿ. ಸಿಗದಿದ್ದರೆ ನಿಮ್ಮ ಬೂತ್‌ನ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ ಬಿಎಲ್‌ಒ ಅವರನ್ನು ಕೇಳಿ. ಫಾರಂ ತುಂಬುವುದು ಕಷ್ಟವಾದರೆ ಶಾಲೆಗೆ ಬನ್ನಿ, ಸಮಾಜ ವಿಜ್ಞಾನದ ಮೇಷ್ಟ್ರು ಸಂಜೆ ಹೊತ್ತು ಸಹಾಯ ಮಾಡುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಚಿತ್ರದುರ್ಗ